ಸಾವಿನ ಕಾರಣ ಕೇಳುತ್ತ ಅಲೆದ ವರ್ಷ

ಹೋದ ತಿಂಗಳು ಮೊಮ್ಮಗಳ ಶಾಲೆಯಲ್ಲಿ ವಿಜ್ಞಾನದ ಪ್ರದರ್ಶನವಿತ್ತು. ರಟ್ಟಿನ ಸೌರವ್ಯೂಹ, ಹೊಗೆ ಉಗುಳುವ ಜ್ವಾಲಾಮುಖಿ, ಗಾಳಿಯಂತ್ರ ಎಲ್ಲವನ್ನೂ ನೋಡಿಕೊಂಡು ಕೊನೆಯ ಕೋಣೆಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟೆ. ಸ್ಪಿರಿಟ್ ದೀಪದ ವಾಸನೆ. ಎರಡು ಜಡೆಯ ಹುಡುಗಿಯೊಬ್ಬಳು ಗಾಜಿನ ನಳಿಗೆಯನ್ನು ಇಕ್ಕಳದಲ್ಲಿ ಹಿಡಿದು ನೀಲಿ ನೀರು ಕಾಯಿಸುತ್ತಿದ್ದಳು. ಅದಕ್ಕೆ ಕೆಲವು ಹನಿ ದ್ರಾಕ್ಷಿರಸ ಬಿಟ್ಟಳು. ನೀಲಿ ಮಂಕಾಯಿತು, ಹಸಿರಾಯಿತು, ಹಳದಿಗೆ ತಿರುಗಿತು, ಕಡೆಗೆ ಇಟ್ಟಿಗೆಯ ಕೆಂಪಿಗೆ ಬಂದು ನಿಂತಿತು. ಇದರಲ್ಲಿ ಸಕ್ಕರೆ ಇದೆ ಎಂದು ಅರ್ಥ, ಅಂತ ಹುಡುಗಿ ಬಾಯಿಪಾಠ ಒಪ್ಪಿಸಿದಳು. ನಾನು ಅಲ್ಲೇ ಒಂದು ಬೆಂಚಿನ ಮೇಲೆ ಕುಳಿತೆ. ಮಕ್ಕಳ ಗಲಾಟೆ ಎಲ್ಲೋ ದೂರ ಸರಿಯಿತು. ನಜರ್‌ಬಾದಿನ ನಮ್ಮ ಮನೆಯ ಹಿತ್ತಿಲು, ಅಲ್ಲಿನ ಮಂಜು, ಜಗಲಿಯ ತುದಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತ ಅವ್ವ, ಎಲ್ಲ ನೀರೊಳಗಿಂದ ತೇಲಿದ ಹಾಗೆ ಒಂದೊಂದೇ ಮೇಲೆ ಬಂದವು.

ಅದು ಐವತ್ತರ ದಶಕದ ಕೊನೆಯ ಒಂದು ವರ್ಷ. ನನಗೆ ಇಪ್ಪತ್ತೊಂದು ತುಂಬಿತ್ತು. ಇಂಟರ್‌ಮೀಡಿಯೆಟ್ ಮುಗಿಸಿ ಮನೆಯಲ್ಲಿದ್ದೆ. ನಮ್ಮಪ್ಪ ಕೆಂಪಣ್ಣ ಹುಟ್ಟಿದ್ದು ತಿರುಮಕೂಡಲು ಕಡೆಯ ಒಂದು ಹಳ್ಳಿಯ ಬೇಸಾಯದ ಮನೆಯಲ್ಲಿ. ಮೀಸೆ ಚಿಗುರುವ ಮೊದಲೇ ಕುಸ್ತಿಯ ಹುಚ್ಚು ಹತ್ತಿ ಮೈಸೂರಿಗೆ ಬಂದು, ನಜರ್‌ಬಾದಿನ ಗರಡಿಯೊಂದರಲ್ಲಿ ಮಣ್ಣು ಹೊತ್ತು, ಪಟ್ಟು ಕಲಿತು, ಕೊನೆಗೆ ಅದೇ ಗರಡಿಗೆ ಉಸ್ತಾದನಾದ. ಹೊಟ್ಟೆಪಾಡಿಗೆ ಮರದ ಡಿಪೋ ಒಂದರಲ್ಲಿ ಮೇಸ್ತ್ರಿಯ ಕೆಲಸ ಮಾಡುತ್ತಿದ್ದ. ಆದರೆ ಬೀದಿಯಲ್ಲಿ ಯಾರೂ ಅವನನ್ನು ಮೇಸ್ತ್ರಿ ಎಂದು ಕರೆದದ್ದು ನಾನು ಕೇಳಿಲ್ಲ. ಉಸ್ತಾದ್ ಕೆಂಪಣ್ಣ ಎಂದರೆ ಅರಮನೆಯ ಪೂರ್ವಕ್ಕೆಲ್ಲ ಗೊತ್ತಿದ್ದ ಹೆಸರು. ಅವನ ಕತ್ತು ನನ್ನ ಎರಡು ತೋಳಿನ ಹಿಡಿತಕ್ಕೂ ಸಿಗುತ್ತಿರಲಿಲ್ಲ.

ಆ ವರ್ಷ ಜೂನಿನಲ್ಲಿ ನಗರಸಭೆಯ ಆರೋಗ್ಯ ಶಾಖೆಯಲ್ಲಿ ನನಗೆ ಒಂದು ವರ್ಷದ ಮಟ್ಟಿಗೆ ಗುಮಾಸ್ತೆಯ ಕೆಲಸ ಸಿಕ್ಕಿತು. ಜನನ ಮರಣದ ರಿಜಿಸ್ಟರುಗಳಿದ್ದ ಕೋಣೆ ಅದು. ಹಳೆಯ ಕಾಗದ, ಗೋಂದು, ಜಿರಳೆಯ ವಾಸನೆ. ಅಲ್ಲಿನ ಆರೋಗ್ಯಾಧಿಕಾರಿ ಡಾಕ್ಟರ್ ಅನಂತಯ್ಯನವರು ಮೊದಲ ದಿನವೇ ನನ್ನನ್ನು ಕರೆದು ಸಾವಿನ ರಿಜಿಸ್ಟರೊಂದನ್ನು ಮುಂದೆ ಇಟ್ಟರು. ಕಾರಣ ಎಂಬ ಕಾಲಮನ್ನು ಓದುತ್ತ ಹೋಗು ಎಂದರು. ಓದಿದೆ. ಜ್ವರ. ವಯಸ್ಸಾಗಿ. ಹೃದಯ ನಿಂತು. ಜ್ವರ. ಹೃದಯ ನಿಂತು. ದೈವೇಚ್ಛೆ. ಹೃದಯ ನಿಂತು. ಅಕ್ಷರಗಳು ಮಾತ್ರ ಮುತ್ತು ಪೋಣಿಸಿದ ಹಾಗಿದ್ದವು.

"ಎಲ್ಲರಿಗೂ ಹೃದಯ ನಿಂತೇ ಸಾವು ಬರೋದು ಕಣಮ್ಮ" ಎಂದರು ಡಾಕ್ಟರು. "ಯಾಕೆ ನಿಂತಿತು ಅಂತ ಇಲ್ಲಿ ಯಾರೂ ಕೇಳಿಲ್ಲ. ನೀನು ಹೋಗಿ ಕೇಳ್ಕೊಂಡು ಬಾ."

ದೆಹಲಿಯಿಂದ ಒಂದು ನಮೂನೆ ಬಂದಿತ್ತು. ದೇಶದ ಊರೂರುಗಳಿಂದ ಸಾವಿನ ಕಾರಣಗಳನ್ನು ವಿಂಗಡಿಸಿ ಕಳಿಸಬೇಕಾಗಿತ್ತು. ಡಾಕ್ಟರು ಕೆಲಸಕ್ಕೆ ಸೇರಿದ ಕಾಲದಲ್ಲಿ ಪ್ಲೇಗಿಗೆ ಊರಿನ ಬೀದಿಗಳು ಖಾಲಿಯಾಗುತ್ತಿದ್ದವಂತೆ, ಚಳಿಜ್ವರಕ್ಕೆ ಮನೆಗೊಬ್ಬರು ಹೋಗುತ್ತಿದ್ದರಂತೆ. ಈಗ ಗೋಡೆಗೋಡೆಗೂ ಸೊಳ್ಳೆ ಮದ್ದು ಹೊಡೆದು ಅದೆಲ್ಲ ತಗ್ಗಿತ್ತು. ಜ್ವರದಿಂದ ಉಳಿದವರು ಐವತ್ತು ದಾಟಿದ ಮೇಲೆ ಯಾವುದರಿಂದ ಹೋಗುತ್ತಿದ್ದಾರೆ ಎಂಬುದು ಅವರ ತಲೆ ತಿನ್ನುತ್ತಿದ್ದ ಪ್ರಶ್ನೆ. ಎದೆಯ ಕಾಯಿಲೆ, ಸಕ್ಕರೆ ಕಾಯಿಲೆ ಎಂದು ಅವರಿಗೆ ಅನುಮಾನ. ಅನುಮಾನವನ್ನು ದೆಹಲಿಗೆ ಕಳಿಸುವುದಕ್ಕಾಗುವುದಿಲ್ಲವಲ್ಲ. ಅದಕ್ಕೇ ಒಂದು ಹಾಳೆಯಲ್ಲಿ ಇಪ್ಪತ್ತು ಪ್ರಶ್ನೆ ಬರೆದು, ಕಲ್ಲಚ್ಚು ತೆಗೆಸಿ, ಕಟ್ಟು ಕಟ್ಟಿ ನನ್ನ ಕೈಗಿಟ್ಟರು. ಕಳೆದ ಎರಡು ವರ್ಷದಲ್ಲಿ ಸಾವಾದ ಮನೆಗಳಿಗೆ ಹೋಗಿ, ಸತ್ತವರು ಸಾಯುವ ಮುಂಚೆ ಹೇಗಿದ್ದರು ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ.

ಮನೆಯಲ್ಲಿ ಅವ್ವನಿಗೆ ಇದು ಹಿಡಿಸಲಿಲ್ಲ. ಮದುವೆಯಾಗಬೇಕಾದ ಹುಡುಗಿ ಸಾವಿನ ಮನೆಗಳ ಹೊಸ್ತಿಲು ತುಳಿಯುವುದೆ ಎಂದಳು. ಅಪ್ಪ ಮಾತ್ರ, ಹಗಲೊತ್ತಿನ ಕೆಲಸ, ಹೋಗ್ಲಿ ಬುಡು, ಎಂದು ಮುಗಿಸಿದ.

ಆಷಾಢದ ಗಾಳಿ ಬೀಸುತ್ತಿತ್ತು. ಮೈಸೂರಿನ ಮಳೆ ಜೋರಾಗಿ ಸುರಿಯುವುದು ಕಡಿಮೆ. ಹಿಟ್ಟು ಜರಡಿ ಹಿಡಿದ ಹಾಗೆ ಸಣ್ಣಗೆ ಉದುರುತ್ತದೆ. ಚಾಮುಂಡಿ ಬೆಟ್ಟ ಬೆಳಿಗ್ಗೆ ಮಾಯವಾಗಿ ಮಧ್ಯಾಹ್ನಕ್ಕೆ ಅರ್ಧ ಕಾಣಿಸಿಕೊಂಡು ಮತ್ತೆ ಸಂಜೆಗೆ ಕರಗಿಹೋಗುತ್ತಿತ್ತು. ಒದ್ದೆ ಜಟಕಾಗಳ ಚರ್ಮದ ವಾಸನೆ, ಹುಲ್ಲಿನ ವಾಸನೆ, ಯಾರದೋ ಮನೆಯಲ್ಲಿ ಹುರಿಯುತ್ತಿದ್ದ ಕಾಫಿಬೀಜದ ವಾಸನೆಗಳ ನಡುವೆ ಕೊಡೆ ಹಿಡಿದು ನಾನು ನಡೆಯುತ್ತಿದ್ದೆ. ಒಂದೊಂದು ಸಲ ನಾನು ನೆಲದ ಮೇಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಬದುಕಿದವರ ಊರಿನೊಳಗೆ ಇನ್ನೊಂದು ಊರಿತ್ತು, ಅದರ ವಿಳಾಸಗಳು ನನ್ನ ಚೀಲದಲ್ಲಿದ್ದವು.

ಬೈಯುತ್ತಾರೆ, ಬಾಗಿಲು ಹಾಕುತ್ತಾರೆ ಎಂದು ಹೆದರಿದ್ದೆ. ಹಾಗೆ ಮಾಡಿದವರು ಬಹಳ ಕಡಿಮೆ. ಒಳಗೆ ಕರೆದು, ಚಾಪೆ ಹಾಸಿ, ಕಾಫಿ ಕೊಟ್ಟು ಹೇಳತೊಡಗಿದರೆ ನಿಲ್ಲಿಸುತ್ತಲೇ ಇರಲಿಲ್ಲ. ಅವರನ್ನು ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. ಅಗ್ರಹಾರದ ಒಂದು ಮನೆಯಲ್ಲಿ ನಿವೃತ್ತ ಮೇಷ್ಟರ ಹೆಂಡತಿ, ಗಂಡ ಪೂಜೆಗೆ ಹೂ ಬಿಡಿಸುತ್ತಿದ್ದವರು ಯಾಕೋ ಎದೆ ಹಿಂಡಿದ ಹಾಗಾಗುತ್ತೆ ಎಂದರು, ಮೈಯೆಲ್ಲ ಬೆವರಿತ್ತು, ವಾಯು ಇರಬೇಕೆಂದು ಓಂಕಾಳಿನ ಕಷಾಯ ಮಾಡಲು ಹೋದೆ, ಸೌದೆ ಒದ್ದೆಯಾಗಿ ಒಲೆ ಬೇಗ ಹತ್ತಲಿಲ್ಲ, ಎಂದು ಹೇಳಿದರು. ಒಲೆ ಬೇಗ ಹತ್ತಿದ್ದರೆ ಗಂಡ ಉಳಿಯುತ್ತಿದ್ದರು ಎಂದು ಅವರು ಎರಡು ವರ್ಷದಿಂದ ನಂಬಿದ್ದರು. ಇನ್ನೊಂದು ಕಡೆ ಬಟ್ಟೆ ಅಂಗಡಿಯವನೊಬ್ಬ ಗಜಕಡ್ಡಿ ಹಿಡಿದು ಬಟ್ಟೆ ಅಳೆಯುತ್ತಲೇ ಗಿರಾಕಿಯ ಮುಂದೆ ಕುಸಿದಿದ್ದ. ಅವನ ತಮ್ಮ, ಅಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಲು ತಾನು ಹೋಗಬೇಕಿತ್ತೆಂದು ಹೇಳಿ ತಲೆ ತಗ್ಗಿಸಿದ. ಹೀಗೆ ಪ್ರತಿ ಮನೆಯಲ್ಲೂ ಯಾರೋ ಒಬ್ಬರು ಆ ಸಾವನ್ನು ತಮ್ಮ ತಲೆಯ ಮೇಲೆ ಹೊತ್ತು ಕೂತಿದ್ದರು. ನನ್ನ ಹಾಳೆಯಲ್ಲಿ ಅದಕ್ಕೆ ಕಾಲಮ್ ಇರಲಿಲ್ಲ.

ಸಂಜೆ ಹಾಳೆಗಳನ್ನು ಡಾಕ್ಟರ ಮುಂದಿಟ್ಟರೆ ಅವರು ಓದಿ, ಬೆವರು ಅಂದಳಲ್ಲ ಆಕೆ, ಇದು ಎದೆಯದು. ಬಾಯಾರಿಕೆ ಅಂದರಲ್ಲ, ಇದು ಸಕ್ಕರೆಯದು, ಎಂದು ನೀಲಿ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಎರಡು ತಿಂಗಳಲ್ಲಿ ನನಗೂ ಗುರುತು ಹತ್ತಿತು. ಸಕ್ಕರೆಯ ಮನೆಗಳಲ್ಲಿ ಕೇಳಬೇಕಾದ ಒಂದು ಪ್ರಶ್ನೆಯನ್ನು ಡಾಕ್ಟರು ಹಾಳೆಯ ಅಂಚಿನಲ್ಲಿ ಕೈಯಲ್ಲೇ ಬರೆದುಕೊಟ್ಟಿದ್ದರು: ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುತ್ತಿದ್ದವೇ?

ವಿದ್ಯಾರಣ್ಯಪುರಂನ ಮನೆಗೆ ನಾನು ಹೋದದ್ದು ಶ್ರಾವಣದ ಒಂದು ಮಧ್ಯಾಹ್ನ. ಸತ್ತವನು ಮಹದೇವು ಎಂಬ ಬಡಗಿ, ನಲವತ್ತರ ಆಸುಪಾಸು. ರಿಜಿಸ್ಟರಿನಲ್ಲಿ ಕಾಲಿನ ಗಾಯ ಎಂದಿತ್ತು. ಮನೆಯಲ್ಲಿ ಅವನ ತಾಯಿ ಸಿದ್ದಮ್ಮ, ಹೆಂಡತಿ ಜಯಮ್ಮ ಇಬ್ಬರೇ. ಮಾತಾಡಿದ್ದೆಲ್ಲ ಅತ್ತೆ. ಸೊಸೆ ಒಳಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಒಂದು ಶುಕ್ರವಾರ ಗಂಡ ಹೆಂಡತಿಗೆ ಮಾತಿಗೆ ಮಾತು ಬೆಳೆದು, ಹೋಗು ಅತ್ಲಾಗೆ, ತಿರುಗಿ ಬರಬೇಡ ಎಂದು ಜಯಮ್ಮ ಅಂದಿದ್ದಳು. ಅವನು ಹೊರಟ. ಬೀದಿಯಲ್ಲಿ ಮೊಳೆ ತುಳಿದ. ಆ ಗಾಯ ಮಾಯಲಿಲ್ಲ, ಕಾಲು ಕಪ್ಪಾಯಿತು, ಒಂದೂವರೆ ತಿಂಗಳಿಗೆ ಅವನು ಹೋದ. ಅಂದಿನಿಂದ ಸಿದ್ದಮ್ಮ ಸೊಸೆಯ ಕೈಯಿಂದ ಒಂದು ಲೋಟ ನೀರನ್ನೂ ತೆಗೆದುಕೊಂಡಿರಲಿಲ್ಲ. ಹೆಸರು ಹಿಡಿದೂ ಕರೆಯುತ್ತಿರಲಿಲ್ಲ.

ನಾನು ಒಂದೊಂದೇ ಪ್ರಶ್ನೆ ಕೇಳಿದೆ. ಅದಕ್ಕೂ ಮುಂಚೆ ಅವನು ಸೊರಗಿದ್ದನೆ? ಸೊರಗಿದ್ದ, ಕೆಲಸ ಜಾಸ್ತಿ ಎಂದುಕೊಂಡಿದ್ದರು. ನೀರು ತುಂಬ ಕುಡಿಯುತ್ತಿದ್ದನೆ? ಮರದ ದೂಳಿಗೆ ಗಂಟಲು ಒಣಗುತ್ತೆ ಎನ್ನುತ್ತಿದ್ದನಂತೆ. ಇರುವೆ ಎಂದಾಗ ಸಿದ್ದಮ್ಮ ತಲೆ ಎತ್ತಿದರು. ಆಮೇಲೆ ಜಯಮ್ಮ ಮೊದಲ ಸಲ ಬಾಯಿ ತೆರೆದಳು. ಅಂದಿನ ಜಗಳವೇ ಅದರಿಂದ ಶುರುವಾಗಿದ್ದು ಎಂದಳು. ಬಚ್ಚಲ ತುಂಬ ಇರುವೆ, ಬೆಲ್ಲದ ನೀರು ಏನಾದರೂ ಚೆಲ್ಲುತ್ತೀಯಾ, ತೊಳೆದು ತೊಳೆದು ನನ್ನ ಕೈ ಸವೆಯಿತು ಎಂದು ಆಕೆ ಅವನನ್ನು ಕೆಣಕಿದ್ದಳು.

ನಾನು ಹೇಳಬಾರದಿತ್ತೇನೋ. ನನ್ನ ಕೆಲಸ ಕೇಳುವುದು, ಹೇಳುವುದಲ್ಲ. ಆದರೂ ಹೇಳಿದೆ. ಇದು ಸಕ್ಕರೆ ಕಾಯಿಲೆ, ಮೊಳೆ ತುಳಿಯುವ ಎಷ್ಟೋ ಮೊದಲೇ ಅವರ ಮೈಯಲ್ಲಿತ್ತು, ಅದು ಇದ್ದರೆ ಗಾಯ ಮಾಯುವುದಿಲ್ಲ, ಎಂದೆ.

ಜಯಮ್ಮ ಚೌಕಟ್ಟು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. "ಅಂಗಾರೆ ನನ್ ಮಾತಿಂದ ಅಲ್ವಾ?"

"ಅಲ್ಲ ಕಣಮ್ಮ."

ಅವಳು ಅಲ್ಲೇ ನೆಲಕ್ಕೆ ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅತ್ತೆ ಗೋಡೆಯ ಕಡೆ ನೋಡುತ್ತಿದ್ದರು. ಹೊರಗೆ ಹನಿ ಉದುರುತ್ತಿತ್ತು. ನಾನು ಹಾಳೆ ಮಡಿಸಿ ಏಳುವಾಗ ಅವರು ಗೋಡೆಯನ್ನೇ ನೋಡುತ್ತ ಕೇಳಿದರು, "ಮೊದ್ಲೇ ಗೊತ್ತಾಗಿದ್ರೆ ಮಗ ಉಳೀತಿದ್ನಾ?"

ಡಾಕ್ಟರನ್ನು ಕೇಳಿ ಬರುತ್ತೇನೆ ಎಂದು ಹೇಳಿ ಹೊರಬಿದ್ದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಉಳಿಯಬಹುದಿತ್ತು ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, ಅದನ್ನು ಹೋಗಿ ಆ ತಾಯಿಗೆ ಹೇಳಬೇಡ ಎಂದರು.

ಮಾರನೆಯ ಬೆಳಿಗ್ಗೆ ನಮ್ಮ ಹಿತ್ತಿಲಿನಲ್ಲಿ ಹಲ್ಲುಜ್ಜುತ್ತ ನಿಂತಿದ್ದೆ. ಬಚ್ಚಲ ನೀರು ಹರಿದು ಹೋಗುವ ಕಲ್ಲಿನ ಮೇಲೆ ಕರಿಯ ಇರುವೆಯ ಸಾಲು ಕಂಡಿತು. ಕಲ್ಲಿನ ಉದ್ದಕ್ಕೂ ಹಬ್ಬಿ, ಬಚ್ಚಲ ಗೋಡೆಯ ಸಂದಿನಲ್ಲಿ ಒಳಗೆ ನುಗ್ಗಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಅವ್ವ ಕುದಿವ ನೀರಿನ ಚೊಂಬು ಹಿಡಿದು ಬಂದು, ಜರುಗು ಅಂತ ಹೇಳಿ, ಅವುಗಳ ಮೇಲೆ ಸುರಿದಳು. ಮೂರು ತಿಂಗಳಿಂದ ಹೀಗೇ ಸುರಿಯುತ್ತಿದ್ದಳಂತೆ. ಈ ವರ್ಷ ಇರುವೆ ಕಾಟ ಜಾಸ್ತಿ ಎಂದಳು.

ಆಗ ಎಲ್ಲ ಒಟ್ಟಿಗೆ ಕಣ್ಣಿಗೆ ಬಿತ್ತು. ಅಪ್ಪನ ಅಂಗಿಯ ಹೆಗಲು ಜೋಲುತ್ತಿದ್ದದ್ದು, ಅವನ ಮಂಚದ ಪಕ್ಕದ ನೀರಿನ ಬಿಂದಿಗೆ ಬೆಳಗಾಗುವುದರೊಳಗೆ ಬರಿದಾಗುತ್ತಿದ್ದದ್ದು, ಮೊಣಕೈಯ ತರಚು ಗಾಯಕ್ಕೆ ಅವನು ಅರಿಸಿನ ಮೆತ್ತಿಕೊಂಡೇ ಇದ್ದದ್ದು. ಎರಡು ತಿಂಗಳು ಊರವರ ಮನೆಮನೆಯಲ್ಲಿ ಕೇಳಿ ಬರೆದ ಉತ್ತರಗಳು ನಮ್ಮ ಮನೆಯೊಳಗೇ ಓಡಾಡಿಕೊಂಡಿದ್ದವು. ನಾನು ನೋಡಿರಲಿಲ್ಲ.

ಆ ದಿನವೇ ಅಪ್ಪನಿಗೆ ಹೇಳಿದೆ. ಅವನು ನಕ್ಕ. ಸಕ್ಕರೆ ಕಾಯಿಲೆ ಬರುವುದು ಗಾದಿಯ ಮೇಲೆ ಕೂತು ತಿನ್ನುವ ಸಾಹುಕಾರರಿಗೆ, ದಿನಕ್ಕೆ ಐನೂರು ಬಸ್ಕಿ ಹೊಡೆದ ಮೈ ಇದು, ಎಂದ. ಎದುರಿಗೆ ದಸರಾ ಬರುತ್ತಿತ್ತು. ಗರಡಿಯಲ್ಲಿ ತಯಾರಿ ಜೋರಾಗಿತ್ತು. ಇಳಿದ ಮೈಯನ್ನು ಮತ್ತೆ ಕಟ್ಟಬೇಕೆಂದು ಅಪ್ಪ ಬಾದಾಮಿ ಅರೆಸಿ, ಹಾಲಿಗೆ ಕಲ್ಲುಸಕ್ಕರೆ ಬೆರೆಸಿ, ತುಪ್ಪ ಸುರಿದು ಎರಡು ಹೊತ್ತೂ ಕುಡಿಯತೊಡಗಿದ. ಕುಡಿದಷ್ಟೂ ಸೊರಗಿದ. ನಾನು ಬೇಡಿಕೊಂಡೆ, ಕಣ್ಣೀರಿಟ್ಟೆ. ಅವ್ವ ಚಾಮುಂಡಿಗೆ ಹರಕೆ ಹೊತ್ತಳು. ಅವನು ಯಾರ ಮಾತೂ ಕಿವಿಗೆ ಹಾಕಿಕೊಳ್ಳಲಿಲ್ಲ. ದಸರೆಯ ಕುಸ್ತಿಯ ದಿನ ತನ್ನ ಶಿಷ್ಯ ಗೆದ್ದಾಗ ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಳ್ಳಲು ಹೋಗಿ, ಆಗದೆ, ಬೆನ್ನು ತಟ್ಟಿ ಕಳಿಸಿದ್ದನ್ನು ನಾನು ಹೆಂಗಸರ ಸಾಲಿನಿಂದ ನೋಡಿದೆ.

ಹಬ್ಬ ಮುಗಿದು ವಾರವಾಗಿತ್ತು. ಒಂದು ಬೆಳಿಗ್ಗೆ ಗರಡಿಯಲ್ಲಿ ಅಪ್ಪನ ಹೊರತು ಯಾರೂ ಇರಲಿಲ್ಲ. ಹೆಂಗಸರು ಆ ಹೊಸ್ತಿಲು ದಾಟುವ ವಾಡಿಕೆ ಇಲ್ಲ. ನಾನು ಹೊಸ್ತಿಲ ಹೊರಗೆ ಮೆಟ್ಟಿಲ ಮೇಲೆ ಕುಳಿತೆ. ಒಳಗೆ ಅಪ್ಪ ಕೆಮ್ಮಣ್ಣನ್ನು ಸಲಿಕೆಯಿಂದ ಹದ ಮಾಡುತ್ತಿದ್ದ. ಗವಾಕ್ಷಿಯಿಂದ ಬಿಸಿಲಿನ ಒಂದು ಕೋಲು ಮಣ್ಣಿನ ಮೇಲೆ ಬಿದ್ದಿತ್ತು. ಅದರೊಳಗೆ ಕೆಂಪು ದೂಳು ಮೆಲ್ಲಗೆ ಸುತ್ತುತ್ತಿತ್ತು. ನಾನು ಚೀಲದಿಂದ ಒಂದು ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಆಫೀಸಿನ ಕೆಲಸ, ಕೆಲವು ಪ್ರಶ್ನೆ ಕೇಳುತ್ತೇನೆ, ಉತ್ತರ ಹೇಳಿದರೆ ಸಾಕು, ಎಂದೆ.

"ಬಾಯಾರಿಕೆ ಜಾಸ್ತಿ ಇತ್ತಾ?"

"ಇತ್ತು, ಬರ್ಕೊ."

"ಮೈ ಇಳೀತಾ?"

ಅವನು ಸಲಿಕೆ ಒರಗಿಸಿದ. "ಇಳೀತು."

"ಗಾಯ ಆದ್ರೆ ಮಾಯ್ತಿತ್ತಾ?"

ಅವನು ಮೊಣಕೈ ತಿರುಗಿಸಿ ನೋಡಿಕೊಂಡು ಇಲ್ಲ ಎಂದ. ಕಾಲು ಜೋಮು ಹಿಡಿಯುತ್ತಿತ್ತೇ ಎಂದು ಕೇಳಿದೆ. ಅವನು ತನ್ನ ಎರಡೂ ಪಾದಗಳನ್ನು ಮಣ್ಣಿನಲ್ಲಿ ಊರಿ, ಬೆರಳು ಆಡಿಸಿ, ಅವನ್ನೇ ನೋಡುತ್ತಿದ್ದ.

"ಮಣ್ಣಿನ್ ಮ್ಯಾಲೆ ನಿಂತ್ರೆ ಮಣ್ಣು ಗೊತ್ತಾಗಕಿಲ್ಲ ಕಣ್ ಮಗ" ಎಂದ.

ನನಗೆ ಬರೆಯಲಾಗಲಿಲ್ಲ. ಅವನೇ ಕೇಳಿದ, ಇದು ಎಂಥೋರ ಮನೇಲಿ ಕೇಳೋ ಕಾಗದ ಎಂದು. ಸತ್ತವರ ಮನೆಯಲ್ಲಿ ಎಂದೆ. ಮೇಲೆ ನನ್ನ ಹೆಸರು ಬರೆದಿದ್ದೀಯಾ ಎಂದ. ಹಾಳೆ ತಿರುಗಿಸಿ ತೋರಿಸಿದೆ. ಹೆಸರಿನ ಜಾಗ ಖಾಲಿ ಇತ್ತು. ಅಪ್ಪ ಮಣ್ಣಿಗೆ ಬಗ್ಗಿ ಎರಡು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ. ಗೋಡೆಯ ಗೂಟದಿಂದ ಅಂಗಿ ತೆಗೆದು ತೊಟ್ಟುಕೊಂಡ. ನಡಿ, ಯಾವ ಡಾಕ್ಟ್ರೋ ತೋರ್ಸು, ಎಂದ.

ಆಸ್ಪತ್ರೆಯಲ್ಲಿ ಅವನ ಮೂತ್ರ ಬೆರೆಸಿದ ನೀಲಿ ಮದ್ದಿನ ನಳಿಗೆ ಒಂದೇ ಕುದಿಗೆ ಇಟ್ಟಿಗೆಯ ಕೆಂಪಾಯಿತು. ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚಬೇಕೆಂದರು. ಎದುರಾಳಿಯ ಮೊಣಕೈ ಮುಖಕ್ಕೆ ಬಡಿದರೂ ಕಣ್ಣು ಮಿಟುಕಿಸದ ಅಪ್ಪ ಸೂಜಿ ಕಂಡರೆ ಮುಖ ತಿರುಗಿಸುತ್ತಿದ್ದ. ತಾನೇ ಚುಚ್ಚಿಕೊಳ್ಳುವ ಮಾತೇ ಇರಲಿಲ್ಲ. ನಾನು ಎರಡು ಸಲ ಸೂಜಿ ಹಿಡಿದು ಹಾಗೇ ಕೆಳಗಿಟ್ಟೆ. ಕಲಿತವಳು ಅವ್ವ. ಅವಳಿಗೆ ಓದು ಬರುತ್ತಿರಲಿಲ್ಲ. ಗಾಜಿನ ಸಿರಿಂಜಿನ ಮೇಲಿನ ಗೆರೆಗಳನ್ನು ದಾರದಲ್ಲಿ ಗಂಟು ಹಾಕಿ ಲೆಕ್ಕ ಮಾಡಿಕೊಂಡಳು. ಸೂಜಿ ಮೊಂಡಾದರೆ ಕಲ್ಲಿಗೆ ಮಸೆದು, ಕುದಿಸಿ, ಬಿಳಿಯ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು. ಇನ್ಸುಲಿನ್ ಸೀಸೆಗೆ ಒದ್ದೆ ಮರಳು ತುಂಬಿದ ಒಂದು ಮಣ್ಣಿನ ಕುಡಿಕೆ ಮಾಡಿ, ದೇವರ ಗೂಡಿನ ಕೆಳಗೆ ತಣ್ಣನೆಯ ಜಾಗದಲ್ಲಿ ಇಟ್ಟಳು.

ಆ ಚಳಿಗಾಲ ನೆನಪಾದರೆ ನನಗೆ ಬಣ್ಣಗಳೇ ಕಾಣುವುದು. ಮಂಜು ಹಿತ್ತಿಲಿನ ಸೀಬೆಮರದ ತನಕ ಬಂದು ನಿಂತಿರುತ್ತಿತ್ತು. ಅವ್ವ ಸ್ಪಿರಿಟ್ ದೀಪ ಹಚ್ಚಿ, ಆಸ್ಪತ್ರೆಯವರು ಕೊಟ್ಟ ನೀಲಿ ಮದ್ದಿಗೆ ಅಪ್ಪನ ಮೂತ್ರದ ಎಂಟು ಹನಿ ಎಣಿಸಿ ಬಿಟ್ಟು, ನಳಿಗೆಯನ್ನು ಮೆಲ್ಲಗೆ ಅಲುಗಿಸುತ್ತ ಕಾಯಿಸುತ್ತಿದ್ದಳು. ಮೂವರೂ ಅದನ್ನೇ ನೋಡುತ್ತಿದ್ದೆವು. ನವೆಂಬರಿನಲ್ಲಿ ಕೆಂಪು. ಕೆಂಪೇ ಕೆಂಪು. ಅಪ್ಪನ ಊಟದಿಂದ ಅನ್ನ ಹೋಯಿತು, ಬೆಲ್ಲ ಹೋಯಿತು, ಬಾದಾಮಿ ಹಾಲು ಹೋಯಿತು. ಸಣ್ಣ ಮಕ್ಕಳ ಹಾಗೆ ಮುನಿಸಿಕೊಂಡು ಒಂದು ದಿನ ತಟ್ಟೆ ದೂಡಿದ. ಅವ್ವ ತಟ್ಟೆಯನ್ನು ತಿರುಗಿ ಅವನ ಮುಂದಿಟ್ಟು ಎದುರಿಗೆ ಕೂತಳು, ಅಷ್ಟೆ. ಡಿಸೆಂಬರಿನಲ್ಲಿ ಕಿತ್ತಳೆ. ಒಂದು ಬೆಳಿಗ್ಗೆ ಹಳದಿ ಬಂತು, ಮಾರನೆಯ ದಿನ ಮತ್ತೆ ಕೆಂಪಾಯಿತು. ಆಮೇಲೆ ಗೊತ್ತಾಯಿತು, ಶಿಷ್ಯನೊಬ್ಬನ ಮದುವೆಯಲ್ಲಿ ಯಾರೂ ನೋಡದಾಗ ಎರಡು ಹೋಳಿಗೆ ತಿಂದಿದ್ದ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ನಳಿಗೆ ಎಳೆಯ ಹಸಿರಿಗೆ ಬಂದು ಅಲ್ಲೇ ನಿಂತಿತು. ಅವ್ವ ಇನ್ನೂ ಸ್ವಲ್ಪ ಹೊತ್ತು ಕಾಯಿಸಿದಳು. ಹಸಿರಾಗಿಯೇ ಉಳಿಯಿತು. ಅವಳು ದೀಪ ಆರಿಸಿ, ನಳಿಗೆಯನ್ನು ಬೆಳಕಿಗೆ ಹಿಡಿದು, ಭತ್ತದ ಸಸಿ ಇದ್ದಂಗದೆ ಎಂದಳು. ಅಪ್ಪ ಎದ್ದು ಸೀಬೆಮರದ ಹಿಂದೆ ಹೋಗಿ ಬಹಳ ಹೊತ್ತು ಆ ಕಡೆ ಮುಖ ಮಾಡಿ ನಿಂತಿದ್ದ.

ಸೊರಗಿದ ಮೈ ಪೂರ್ತಿ ತುಂಬಲಿಲ್ಲ, ಆದರೆ ಮೊಣಕೈ ಮಾಯಿತು. ಕಾಯಿಲೆಯನ್ನು ಮೊದಮೊದಲು ಅವನು ಮುಚ್ಚಿಟ್ಟಿದ್ದ. ಹಸಿರು ಕಂಡ ವಾರ ಏನನ್ನಿಸಿತೋ, ಗರಡಿಗೆ ಬಂದು ಕೂರುತ್ತಿದ್ದ ತನ್ನ ವಾರಗೆಯ ಹಳೆಯ ಪೈಲ್ವಾನರಿಗೆಲ್ಲ ಇರುವ ವಿಷಯ ಹೇಳಿ, ನೀರಡಿಕೆ ಜಾಸ್ತಿ ಇರುವವರು ಭಾನುವಾರ ನಮ್ಮ ಹಿತ್ತಿಲಿಗೆ ಬಾಟಲಿ ತನ್ನಿ ಎಂದ. ಮೊದಲ ಭಾನುವಾರ ಒಬ್ಬನೇ ಬಂದ, ಅದೂ ಬೀದಿ ಬಾಗಿಲು ಬಿಟ್ಟು ಹಿತ್ತಲ ಬಾಗಿಲಿಂದ. ಆಮೇಲಿನ ವಾರ ಮೂವರು. ಫೆಬ್ರವರಿಯ ಹೊತ್ತಿಗೆ, ಒಂದು ಕಾಲದಲ್ಲಿ ಬೀದಿ ನಡುಗಿಸಿದ್ದ ಗಂಡಸರು ತಲೆಗೆ ಮಫ್ಲರ್ ಸುತ್ತಿ, ತಮ್ಮ ತಮ್ಮ ಬಾಟಲಿ ಮುಂದಿಟ್ಟುಕೊಂಡು, ನಮ್ಮ ಹಿತ್ತಲ ಜಗಲಿಯ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಅವ್ವ ಒಂದೊಂದಾಗಿ ಕುದಿಸುತ್ತಿದ್ದಳು. ಕೆಲವು ನೀಲಿಯಾಗೇ ಉಳಿಯುತ್ತಿದ್ದವು. ಆ ಬಾಟಲಿಯವರು ಎದ್ದು ಮೀಸೆ ತಿರುವಿಕೊಂಡು ಹೋಗುತ್ತಿದ್ದರು. ಕೆಂಪು ಬಂದವರನ್ನು ಅಪ್ಪ ಸೋಮವಾರ ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ.

ಈ ಮಧ್ಯೆ ಒಂದು ದಿನ ವಿದ್ಯಾರಣ್ಯಪುರಂಗೆ ಮತ್ತೆ ಹೋದೆ. ಕೊಟ್ಟ ಮಾತಿತ್ತು, ತಿಂಗಳುಗಳಿಂದ ಆ ಬೀದಿಯನ್ನೇ ತಪ್ಪಿಸಿಕೊಂಡು ತಿರುಗುತ್ತಿದ್ದೆ. ಸಿದ್ದಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಡಾಕ್ಟರು ಏನಂದರು ಎಂದು ಕೇಳಿದರು. ಹೇಳುವುದಕ್ಕಾಗುವುದಿಲ್ಲ ಅಂದರು, ಎಂದೆ. ಅವರು ನನ್ನ ಮುಖ ನೋಡಿದರು. ನನ್ನ ಸುಳ್ಳು ಅವರಿಗೆ ತಿಳಿಯಿತು ಎಂದು ನನಗೆ ತಿಳಿಯಿತು. ಎರಡು ಮೂರು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದರು. ಆಮೇಲೆ ಒಳಗಡೆಗೆ ಮುಖ ತಿರುಗಿಸಿದರು.

"ಜಯಾ, ಈ ಮಗೀಗೆ ಕಾಫಿ ಕೊಡವ್ವ" ಎಂದರು. "ನಂಗೂ ಒಂದ್ ಲೋಟ ತಾ."

ಒಳಗೆ ಪಾತ್ರೆಯ ಸದ್ದು ಥಟ್ಟನೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಮಾರ್ಚಿಗೆ ನನ್ನ ಹಾಳೆಗಳೆಲ್ಲ ಮುಗಿದವು. ಡಾಕ್ಟರು, ನಾನು ಕೂತು ದೊಡ್ಡ ಕಾಗದದ ಮೇಲೆ ಕಾಲಮು ಎಳೆದು ತುಂಬಿದೆವು. ಜ್ವರದ ಕಾಲಮು ಇನ್ನೂ ಎಲ್ಲಕ್ಕಿಂತ ಉದ್ದವಾಗಿಯೇ ಇತ್ತು. ಆದರೆ ಹಿಂದೆ ಖಾಲಿ ಬಿಡುತ್ತಿದ್ದ ಎದೆ ಮತ್ತು ಸಕ್ಕರೆಯ ಎರಡು ಕಾಲಮುಗಳು ಈಗ ಖಾಲಿ ಇರಲಿಲ್ಲ. ಮೈಸೂರಿನದು ಒಂದು ಹನಿ, ಇಂಥ ಹನಿಗಳೆಲ್ಲ ಸೇರಿದಾಗ ದೇಶದ್ದು ಯಾವ ಬಣ್ಣ ಬರುತ್ತೋ ನೋಡುವುದಕ್ಕೆ ನಾವಿರುತ್ತೀವೋ ಇಲ್ಲವೋ, ಎಂದರು ಡಾಕ್ಟರು. ಅರಗಿನ ಮುದ್ರೆ ಒತ್ತಿ ಲಕೋಟೆ ಕಳಿಸಿದೆವು. ಈಗ ಪೇಪರು ತೆರೆದರೆ ಆ ಎರಡೇ ಕಾಲಮುಗಳು ದೇಶದ ತುಂಬ ಬೆಳೆದು ಎಲ್ಲಕ್ಕಿಂತ ಮೇಲೆ ಕೂತಿರುವ ಸುದ್ದಿ ಕಾಣುತ್ತದೆ. ಓದುವಾಗ ನನಗೆ ಅಂಕಿಗಳು ಕಾಣುವುದಿಲ್ಲ. ಒದ್ದೆ ಸೌದೆ ಊದುತ್ತಿರುವ ಮೇಷ್ಟರ ಹೆಂಡತಿ ಕಾಣುತ್ತಾರೆ.

ಅಪ್ಪ ಆಮೇಲೆ ಹನ್ನೊಂದು ವರ್ಷ ಬದುಕಿದ. ನನ್ನ ಮದುವೆ ಮಾಡಿದ, ಮೊಮ್ಮಗನನ್ನು ಗರಡಿಯ ಮಣ್ಣಿಗಿಳಿಸಿದ. ಕೊನೆಗೆ ಅವನನ್ನು ಒಯ್ದದ್ದೂ ಎದೆಯೇ. ಆದರೆ ನಾನು ಹೇಳಬೇಕೆಂದಿರುವುದು ಆ ವರ್ಷದ ಕೊನೆಯ ಭಾನುವಾರದ ಬಗ್ಗೆ.

ಮೇ ತಿಂಗಳು. ನನ್ನ ಕೆಲಸ ಮುಗಿಯಲು ಮೂರು ದಿನ ಉಳಿದಿತ್ತು. ಹಿಂದಿನ ಸಂಜೆ ಮಳೆ ಹೊಯ್ದು ಹಿತ್ತಿಲಿನ ಮಣ್ಣು ಇನ್ನೂ ಘಮಘಮ ಎನ್ನುತ್ತಿತ್ತು. ಪೈಲ್ವಾನರು ಎಂದಿನಂತೆ ಜಗಲಿಯ ಮೇಲಿದ್ದರು. ಹಿತ್ತಲ ಬಾಗಿಲು ಕಿರ್ ಎಂದಿತು. ನೋಡಿದರೆ ಡಾಕ್ಟರ್ ಅನಂತಯ್ಯನವರು. ಕೋಟು ಇಲ್ಲ, ಪೇಟವಿಲ್ಲ, ಬರಿಯ ಪಂಚೆ, ಅರ್ಧತೋಳಿನ ಅಂಗಿ. ಕೈಯಲ್ಲಿ ಬಟ್ಟೆಯ ಚೀಲ. ಕೆಲಸ ನೋಡಲು ಬಂದಿರಬೇಕೆಂದು ನಾನು ಗಾಬರಿಯಿಂದ ಎದ್ದೆ. ಅವರು ಕೈಸನ್ನೆಯಲ್ಲೇ ಕೂರು ಎಂದು, ಚೀಲದಿಂದ ಪೇಪರಿನಲ್ಲಿ ಸುತ್ತಿದ ಒಂದು ಬಾಟಲಿ ತೆಗೆದು ಅವ್ವನ ಮುಂದೆ ಇಟ್ಟರು.

ಯಾರದು ಎಂದು ಅವ್ವ ಕೇಳಿದಳು.

"ನನ್ನದೇ ತಾಯಿ" ಎಂದರು ಡಾಕ್ಟರು. "ಆಫೀಸಿನಲ್ಲಿ ಮಾಡಿದರೆ ಊರಿಗೆ ಗೊತ್ತಾಗುತ್ತೆ. ಮನೇಲಿ ನಾನೇ ಮಾಡ್ಕೊಂಡೆ ಎರಡು ಸಲ. ಎರಡು ಸಲವೂ ಹಸಿರು ಅಂತ ಓದಿದೆ. ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಇಲ್ಲ."

ಅವ್ವ ದೀಪ ಹಚ್ಚಿದಳು. ಎಂಟು ಹನಿ ಎಣಿಸಿದಳು. ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. ಕನ್ನಡಕವಿಲ್ಲದ ಅವರ ಮುಖವನ್ನು ನಾನು ಅಷ್ಟು ಹೊತ್ತು ನೋಡಿದ್ದು ಅಂದೇ. ಯಾರೋ ಪರೀಕ್ಷೆಗೆ ಕೂತ ಮಗುವಿನ ಮುಖದ ಹಾಗಿತ್ತು. ಜ್ವಾಲೆಯ ಮೇಲೆ ನೀಲಿ ಕುದಿಯಿತು, ಮಂಕಾಯಿತು, ಹಸಿರು ದಾಟಿತು. ಅವ್ವ ನಳಿಗೆಯನ್ನು ಬೆಳಕಿಗೆ ಹಿಡಿದು ಎರಡು ಸಲ ತಿರುಗಿಸಿ ನೋಡಿದಳು.

"ಕಿತ್ತಳೆ ಬಣ್ಣ ಸ್ವಾಮಿ" ಎಂದಳು. "ನಮ್ಮೋರ್ದು ಸುರೂನಲ್ಲಿ ಇದಕ್ಕಿಂತ ಕೆಂಪಿತ್ತು."

ಡಾಕ್ಟರು ತಲೆಯಾಡಿಸಿದರು. ಹಸಿರಾಗಿರಲಿಲ್ಲ ಹಾಗಾದರೆ, ಎಂದು ತಮಗೆ ತಾವೇ ಅಂದುಕೊಂಡರು. ಕನ್ನಡಕವನ್ನು ಮತ್ತೆ ಹಾಕಿಕೊಳ್ಳುವುದೂ ಮರೆತಂತೆ ಅಲ್ಲೇ ನಿಂತಿದ್ದರು. ಆಗ ಜಗಲಿಯ ಮೇಲಿದ್ದ ಅಪ್ಪ ಪಕ್ಕದವನ ತೊಡೆ ತಟ್ಟಿ ಸರಿಸಿ, ತಾನೂ ಒಂದು ಮೊಳ ಸರಿದು ಜಾಗ ಮಾಡಿದ.

"ಬನ್ನಿ ಡಾಕ್ಟ್ರೇ, ಕೂತ್ಕಳಿ. ಮೊದಲ್ನೇ ದಿನ ಎಲ್ಲಾರ್ಗೂ ಇಂಗೇಯ."

ಅವರು ಬಂದು ಇಬ್ಬರು ಪೈಲ್ವಾನರ ನಡುವೆ ಕುಳಿತರು. ನಾನು ಮಜ್ಜಿಗೆ ತಂದು ಕೊಟ್ಟೆ. ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಅನ್ನ ಪೂರ್ತಿ ಬಿಡಲೇಬೇಕಾ ಕೆಂಪಣ್ಣ ಎಂದು ಅವರು ಅಪ್ಪನನ್ನು ಕೇಳಿದರು. ಅಪ್ಪ ಹೇಳತೊಡಗಿದ. ಅವ್ವ ನಳಿಗೆ ತೊಳೆದು, ಮುಂದಿನ ಬಾಟಲಿಯ ಬಿರಡೆ ತೆಗೆದಳು.